ಬೆರಳಿಗೆ ಸಿಗದ ಗಡ್ಡೆ: ಎಲಾಸ್ಟೋಗ್ರಫಿ ಹುಟ್ಟಿದ ಕಥೆ

ಮಾವಿನಹಣ್ಣು ಕೊಳ್ಳುವಾಗ ಮೆಲ್ಲಗೆ ಅದುಮಿ ನೋಡ್ತೀವಲ್ವಾ? ವೈದ್ಯರು ಸಾವಿರಾರು ವರ್ಷ ಹೊಟ್ಟೆಯ ಗಡ್ಡೆಯನ್ನು ಪರೀಕ್ಷಿಸಿದ್ದೂ ಹೀಗೇ. ಹಿಪೊಕ್ರಟಿಸ್ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಗ್ರಂಥಗಳಲ್ಲೇ ಈ ಲೆಕ್ಕಾಚಾರ ಇದೆ: ಗಟ್ಟಿಯಾಗಿ ನೋಯುವ ಊತಕ್ಕೆ ಹೆದರಬೇಕು, ಬೆರಳಿಗೆ ಬಗ್ಗುವ ಮೆತ್ತನೆಯದಕ್ಕೆ ಅಷ್ಟಿಲ್ಲ.

ಆದರೆ ಬೆರಳು ಎಲ್ಲಿವರೆಗೆ ಹೋಗುತ್ತೆ? ಮೇದೋಜೀರಕ ಗ್ರಂಥಿ, ಅಂದ್ರೆ ಪ್ಯಾಂಕ್ರಿಯಾಸ್, ಜಠರದ ಹಿಂದೆ ಅಡಗಿ ಕೂತಿದೆ. ಅದನ್ನು ಮುಟ್ಟಿ ನೋಡಲು ಹೊಟ್ಟೆ ಕೊಯ್ಯಲೇಬೇಕಿತ್ತು. ಅಲ್ಟ್ರಾಸೌಂಡ್ ಬಂದ ಮೇಲೆ ಗಡ್ಡೆ ಕಾಣಿಸತೊಡಗಿತು, ನಿಜ. ಗಟ್ಟಿಯೋ ಮೆತ್ತಗೋ ಅನ್ನೋದು ಮಾತ್ರ ಕಾಣಿಸಲಿಲ್ಲ.

1991ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಜೊನಾಥನ್ ಓಫಿರ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ಪ್ರಕಟಿಸಿದರು. ಒಮ್ಮೆ ಸ್ಕ್ಯಾನ್ ಮಾಡಿ, ಸ್ವಲ್ಪ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ. ಮೆತ್ತನೆಯ ಭಾಗ ಹೆಚ್ಚು ಕುಗ್ಗಿರುತ್ತೆ, ಗಟ್ಟಿ ಭಾಗ ಕಡಿಮೆ. ಎಲಾಸ್ಟೋಗ್ರಫಿ ಅನ್ನೋ ಹೆಸರೂ ಅವರದೇ.

ತೊಡಕು ಏನು ಗೊತ್ತಾ? ಒಬ್ಬೊಬ್ಬರ ಕೈ ಒಂದೊಂದು ಥರ ಒತ್ತುತ್ತೆ. ಆಳದ ಅಂಗಕ್ಕೆ ಆ ಒತ್ತಡ ಸರಿಯಾಗಿ ಮುಟ್ಟೋದೂ ಇಲ್ಲ. ಹಾಗಾದರೆ ಶಬ್ದವೇ ಒಳಗೆ ಹೋಗಿ ತಳ್ಳಲಿ ಅಂದವರಲ್ಲಿ ಪ್ಯಾರಿಸ್‌ನ ಮಥಿಯಾಸ್ ಫಿಂಕ್ ಅವರ ತಂಡವೂ ಒಂದು. ಹಾಗೆ ತಳ್ಳಿದಾಗ ಅಂಗಾಂಶದಲ್ಲಿ ಏಳುವ ಅಡ್ಡ ಅಲೆಗಳು ಭೂಕಂಪದ ಎಸ್ ಅಲೆಗಳ ಜಾತಿಯವು. ಅಲ್ಟ್ರಾಸೌಂಡ್ ದೇಹದೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡಿದರೆ, ಇವು ಓಡೋದು ಸುಮಾರು 1ರಿಂದ 10 ಮೀಟರ್ ಅಷ್ಟೇ. ಗಟ್ಟಿ ಇದ್ದಷ್ಟೂ ವೇಗ ಜಾಸ್ತಿ. ಅವುಗಳ ಬೆನ್ನು ಹಿಡಿಯಲು ಸೆಕೆಂಡಿಗೆ ಸಾವಿರಾರು ಚಿತ್ರ ಬೇಕು. 2000ದ ದಶಕದಲ್ಲಿ ಅದೂ ಸಾಧ್ಯವಾಯ್ತು.

2006ರಲ್ಲಿ ಫ್ರಾನ್ಸಿನ ಜಿಯೊವನ್ನಿನಿ ತಂಡ ಎಂಡೋಸ್ಕೋಪ್ ಮೂಲಕ ಒಳಗಿನಿಂದಲೇ ಇಂಥ ಪರೀಕ್ಷೆ ಮಾಡಿ, 49 ರೋಗಿಗಳ ವರದಿ ಕೊಟ್ಟಿತು. ಬಯಾಪ್ಸಿಗೆ ಬದಲಿ ಸಿಗಬಹುದೇ ಎಂದು ಕೇಳುವಂತಿದ್ದ ಅದರ ಶೀರ್ಷಿಕೆಗೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದು ನನಗೆ ಇಷ್ಟ. ಯಾಕಂದ್ರೆ ಹಳೆಯ ಉರಿಯೂತವೂ ಗ್ರಂಥಿಯನ್ನು ಗಟ್ಟಿ ಮಾಡುತ್ತೆ. ಸೂಜಿಗೆ ಇನ್ನೂ ರಜೆ ಸಿಕ್ಕಿಲ್ಲ.

ಆಪರೇಷನ್ ವಿಚಾರಕ್ಕೆ ಬಂದ್ರೆ ಲೆಕ್ಕ ಪೂರ್ತಿ ತಿರುಗುಮುರುಗು. ಗಡ್ಡೆ ತೆಗೆದ ಮೇಲೆ ಉಳಿದ ಗ್ರಂಥಿಯನ್ನು ಕರುಳಿಗೆ ಹೊಲಿಯಬೇಕು. ಗ್ರಂಥಿ ಮೆತ್ತಗಿದ್ದರೆ ಹೊಲಿಗೆ ಸರಿಯಾಗಿ ನಿಲ್ಲೋದಿಲ್ಲ, ಜೀರ್ಣರಸ ಹೊಟ್ಟೆಯೊಳಗೆ ಸೋರಬಹುದು, ಕೆಲವರಿಗೆ ಅದು ಜೀವಕ್ಕೇ ಬರುತ್ತೆ. ಸರ್ಜನ್‌ಗೆ ಇದು ತಿಳೀತಿದ್ದದ್ದು ಹೊಟ್ಟೆ ತೆರೆದು ಕೈಯಿಟ್ಟ ಮೇಲೆ. ಆ ಮೆತ್ತಗಿನ ಅಳತೆಯನ್ನು ಮೊದಲೇ, ರೋಗಿ ಇನ್ನೂ ಎಚ್ಚರವಾಗಿ ಮಾತಾಡ್ತಾ ಇರುವಾಗಲೇ ತೆಗೆಯೋ ಪ್ರಯತ್ನ ಈಗ ನಡೀತಿದೆ.