ಬಾರಾಮಹಲಿನ ಕತ್ತಲೆ

ದೂರದರ್ಶಕದ ಚರಿತ್ರೆಯನ್ನು ಗಾಜಿನ ಅಳತೆಯಲ್ಲಿ ಹೇಳುವುದು ರೂಢಿ. ಇಷ್ಟು ಇಂಚಿನದು ಬಂತು, ಆಮೇಲೆ ಅದಕ್ಕಿಂತ ದೊಡ್ಡದು ಬಂತು, ಕಾಣದ್ದು ಕಂಡಿತು ಎಂದು ಕತೆ ಸಾಗುತ್ತದೆ. ಹೊಸೂರು, ಕೃಷ್ಣಗಿರಿಯ ಕಡೆ ನಿಂತು ನೋಡಿದರೆ ಈ ಲೆಕ್ಕ ಸಾಲದು. ಈ ಸೀಮೆ ಖಗೋಳ ವಿಜ್ಞಾನಕ್ಕೆ ಕೊಟ್ಟ ದೊಡ್ಡ ಉಪಕರಣ ಕತ್ತಲೆ. ನೀಹಾರಿಕೆ, ತಾರಾಗುಚ್ಛ, ದೂರದ ಗೆಲಕ್ಸಿಗಳನ್ನೆಲ್ಲ ಹವ್ಯಾಸಿಗಳು ಒಟ್ಟಾಗಿ ‘ಡೀಪ್ ಸ್ಕೈ’ ಎನ್ನುತ್ತಾರೆ. ಇವುಗಳಿಗೆ ಬೀದಿದೀಪ ಆಗಿಬರುವುದಿಲ್ಲ. ಶನಿಯ ಬಳೆಯನ್ನು ಬೆಂಗಳೂರಿನ ತಾರಸಿಯಿಂದಲೂ ತೋರಿಸಬಹುದು. ದೇವಯಾನಿ ಗೆಲಕ್ಸಿಯ ಸುರುಳಿ ತೋಳುಗಳನ್ನು ತೋರಿಸಲಾಗದು. ಹಾಗಾಗಿ ಈ ಹವ್ಯಾಸದ ಚರಿತ್ರೆ ಎಂದರೆ ಬಹುಮಟ್ಟಿಗೆ ಕತ್ತಲೆಯನ್ನು ಹುಡುಕಿಕೊಂಡು ಹೋದವರ ಚರಿತ್ರೆ, ಮತ್ತು ಆ ಕತ್ತಲೆ ಎಲ್ಲೂ ತಾನಾಗಿ ಉಳಿದದ್ದಲ್ಲ ಎಂಬುದು ನನ್ನ ವಾದ.

ನೀಹಾರಿಕೆಗಳ ಫೋಟೊ ತೆಗೆಯುವ ಕೆಲಸವನ್ನು ಶುರುಮಾಡಿದವರು ಸಂಬಳದ ಖಗೋಳಜ್ಞರಲ್ಲ. 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧನ ನೀಹಾರಿಕೆಯನ್ನು ಮೊದಲು ಪ್ಲೇಟಿಗೆ ಇಳಿಸಿದ ಹೆನ್ರಿ ಡ್ರೇಪರ್ ಅಮೆರಿಕದ ವೈದ್ಯ. ಆ ಒಂದು ಚಿತ್ರಕ್ಕೆ 51 ನಿಮಿಷ ಹಿಡಿಯಿತು. ಮೂರು ವರ್ಷದ ನಂತರ ಲಂಡನ್ನಿನ ಎಂಜಿನಿಯರ್ ಆಂಡ್ರ್ಯೂ ಕಾಮನ್ ತನ್ನ ಮನೆಯ ತೋಟದಲ್ಲಿದ್ದ 36 ಇಂಚಿನ ದೂರದರ್ಶಕದಿಂದ ಅದೇ ನೀಹಾರಿಕೆಯನ್ನು ತೆಗೆದ. ಕಣ್ಣಿಗೆ ಕಾಣದ ನಕ್ಷತ್ರಗಳೂ ಆ ಪ್ಲೇಟಿನಲ್ಲಿ ಮೂಡಿದವು. ದೇವಯಾನಿ ಸುರುಳಿಯಾಕಾರದಲ್ಲಿದೆ ಎಂದು 1888ರಲ್ಲಿ ಫೋಟೊದಲ್ಲಿ ತೋರಿಸಿದ ಐಸಾಕ್ ರಾಬರ್ಟ್ಸ್ ಲಿವರ್‌ಪೂಲ್ ಕಡೆಯ ಕಟ್ಟಡ ಗುತ್ತಿಗೆದಾರ. ಅಷ್ಟು ಸಾಧಿಸಿದ ಮೇಲೂ ಆತ ಗಂಟುಮೂಟೆ ಕಟ್ಟಿ ದಕ್ಷಿಣ ಇಂಗ್ಲೆಂಡಿನ ಕ್ರೋಬರೊ ಎಂಬ ಎತ್ತರದ ಊರಿಗೆ ಹೊರಟ. ಅಲ್ಲಿನ ಆಕಾಶ ಇನ್ನೂ ಹಸನಾಗಿತ್ತು. ನಮ್ಮಲ್ಲಿಯೂ ಆರಂಭ ಹೀಗೆಯೇ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ನವಾಬ್ ಜಫರ್ ಜಂಗ್ 1901ರಲ್ಲಿ ಸ್ವಂತ ಖರ್ಚಿನಲ್ಲಿ, ಸ್ವಂತ ಹುಚ್ಚಿಗೆ ಕಟ್ಟಿಸಿದ್ದು. ನಿಜಾಮರ ಸರ್ಕಾರಕ್ಕೆ ಸೇರಿದ್ದು ಆಮೇಲೆ. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ವೇಣು ಬಾಪು. ಹುಡುಗನಾಗಿದ್ದಾಗಲೇ ಚಂಚಲ ನಕ್ಷತ್ರಗಳ ಬೆಳಕನ್ನು ಅಳೆಯುತ್ತ ಬೆಳೆದವರು, ಮುಂದೆ ಹಾರ್ವರ್ಡಿನಲ್ಲಿ ಓದುವಾಗ 1949ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದವರು.

ಈ ಬಾಪು 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದಾಗ ಒಂದು ಇಕ್ಕಟ್ಟು ಎದುರಿಗಿತ್ತು. ಆ ವೀಕ್ಷಣಾಲಯ ಸೂರ್ಯನಿಗಾಗಿ ಕಟ್ಟಿದ್ದು. ರಾತ್ರಿಯ ಕೆಲಸಕ್ಕೆ ಮಂಜು, ಮೋಡಗಳ ಕಾಟ. ಅವರು ಬೇರೆ ಜಾಗ ಹುಡುಕಿಸಿದರು. ಕೊನೆಗೆ ನಿಂತದ್ದು ಕೃಷ್ಣಗಿರಿಯ ಪೂರ್ವದ ಜವಾದಿ ಬೆಟ್ಟಗಳಲ್ಲಿ, ಕಾವಲೂರು ಎಂಬ ಹಳ್ಳಿಯ ಬಳಿ, ಸಮುದ್ರಮಟ್ಟದಿಂದ 725 ಮೀಟರ್ ಎತ್ತರದಲ್ಲಿ. ಇದು 1792ರಲ್ಲಿ ಟಿಪ್ಪು ಕಂಪನಿಗೆ ಬಿಟ್ಟುಕೊಟ್ಟ ಹಳೆಯ ಬಾರಾಮಹಲ್ ಸೀಮೆ. 1968ರಲ್ಲಿ 38 ಸೆಂಟಿಮೀಟರಿನ, ಕೊಡೈಕನಾಲಿನ ಕಾರ್ಯಾಗಾರದಲ್ಲೇ ಮಾಡಿದ ದೂರದರ್ಶಕದಿಂದ ಕೆಲಸ ಶುರುವಾಯಿತು. ಹೊರಗಿನವರ ಕಣ್ಣಿಗೆ ಹವ್ಯಾಸಿಯ ಉಪಕರಣಕ್ಕಿಂತ ಅಂಥ ದೊಡ್ಡದೇನಲ್ಲ. 1972ರಲ್ಲಿ ಜರ್ಮನಿಯ ಕಾರ್ಲ್ ಝೈಸಿನ ಒಂದು ಮೀಟರ್ ದೂರದರ್ಶಕ ಬಂತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಆ ಗ್ರಹದ ಉಂಗುರಗಳ ಸುಳಿವನ್ನು ಹಿಡಿದ ಉಪಕರಣಗಳಲ್ಲಿ ಅದೂ ಒಂದು. 1986ರ ಜನವರಿಯಲ್ಲಿ 2.34 ಮೀಟರಿನದು ಉದ್ಘಾಟನೆಯಾಗುವ ಹೊತ್ತಿಗೆ ಬಾಪು ತೀರಿಕೊಂಡು ಮೂರು ವರ್ಷ ಕಳೆದಿತ್ತು.

ಜಾಗದ ಆಯ್ಕೆಗೆ ಅಕ್ಷಾಂಶವೂ ಕಾರಣ. ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿ ನಿಂತವರಿಗೆ ದೇವಯಾನಿಯೂ ಸಿಗುತ್ತದೆ, ಯುರೋಪಿನವರು ಪಟದಲ್ಲಷ್ಟೇ ನೋಡುವ ದಕ್ಷಿಣದ ಕಾಯಗಳೂ ಸಿಗುತ್ತವೆ. ಕಿನ್ನರದ ಒಮೆಗಾ ಎಂಬ ಗೋಳಗುಚ್ಛ ಇಲ್ಲಿ ಮೂವತ್ತು ಡಿಗ್ರಿ ಏರುತ್ತದೆ, ಕ್ಯಾರಿನಾ ನೀಹಾರಿಕೆ ಹದಿನೇಳು ಡಿಗ್ರಿ ದಾಟುತ್ತದೆ. ಎರಡಕ್ಕೂ ಮಧ್ಯರಾತ್ರಿಯ ಹದ ಮಾರ್ಚ್, ಏಪ್ರಿಲ್. ಮುಂಗಾರೂ ಹಿಂಗಾರೂ ಬರುವ ಈ ಸೀಮೆಯಲ್ಲಿ ಆಕಾಶ ತಿಳಿಯಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಕಾಲವೂ ಕಾಯವೂ ಕೂಡಿಬಂದವು. ಆದರೆ ಅಕ್ಷಾಂಶ ಚೆನ್ನೈಗೂ ಹೆಚ್ಚುಕಡಿಮೆ ಇಷ್ಟೇ. ವ್ಯತ್ಯಾಸವಿದ್ದದ್ದು ಗಂಧದ ಮರದ ಕಾಡು, ಚದುರಿದ ಗುಡ್ಡದ ಹಳ್ಳಿಗಳು, ತಡವಾಗಿ ಬಂದ ವಿದ್ಯುತ್ತಿನಲ್ಲಿ. ಅರಣ್ಯ ಇಲಾಖೆಯ ಗಡಿಗಲ್ಲು, ಕಂಬ ಮುಟ್ಟದ ಹಳ್ಳಿ ಇವೆಲ್ಲ ಮನುಷ್ಯರ ತೀರ್ಮಾನಗಳು, ಕೆಲವೊಮ್ಮೆ ಉಪೇಕ್ಷೆ. ಕತ್ತಲೆಗೂ ಆಡಳಿತದ ಚರಿತ್ರೆ ಇದೆ ಎಂದರೆ ಇಷ್ಟೇ ಅರ್ಥ.

ಹಿಂದಿನವರಿಗೆ ಆಕಾಶವೆಲ್ಲ ಗೊತ್ತಿತ್ತು, ದೀಪ ಬಂದು ಮರೆಸಿತು ಎನ್ನುವವರಿದ್ದಾರೆ. ಅರ್ಧ ನಿಜ. ಕೃತ್ತಿಕೆಯ ಗೊಂಚಲು ಎಲ್ಲರ ಕಣ್ಣಿಗೂ ಬಿದ್ದಿತ್ತು, ಪುಷ್ಯದ ಮಸುಕು ಕಂಡವರೂ ಇದ್ದರು. ಆದರೆ ರೈತರ ಮಳೆ ನಕ್ಷತ್ರಗಳನ್ನು ಇದಕ್ಕೆ ಸಾಕ್ಷಿ ಮಾಡುವುದು ತಪ್ಪು. ಮೃಗಶಿರ ಮಳೆ ಎಂದರೆ ಸೂರ್ಯ ಮೃಗಶಿರದಲ್ಲಿರುವ ಕಾಲ. ಆಗ ಆ ನಕ್ಷತ್ರ ಹಗಲಿನಲ್ಲಿ ಮುಳುಗಿರುತ್ತದೆ, ಯಾರಿಗೂ ಕಾಣದು. ಅದು ಪಂಚಾಂಗದ ಅರಿವು. ಮಸುಕು ಬೆಳಕಿನ ಬೆನ್ನುಹತ್ತಿ ರಾತ್ರಿಯಿಡೀ ಕೂರುವುದು ಬೇರೆಯೇ ಅಭ್ಯಾಸ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಈಗಿನ ಹವ್ಯಾಸಿಗಳದ್ದು. ಹಳೆಯ ಪ್ಲೇಟು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಒಂದೆರಡು ಪಾಲನ್ನಷ್ಟೇ ಹಿಡಿಯುತ್ತಿತ್ತು. ಇಂದಿನ ಡಿಜಿಟಲ್ ಸೆನ್ಸರು ಅರ್ಧಕ್ಕೂ ಹೆಚ್ಚು ಹಿಡಿಯುತ್ತದೆ. ಮೂರು ನಿಮಿಷದ ಅರವತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಮೂರು ಗಂಟೆಯ ಚಿತ್ರ ಸಿದ್ಧ. ಮತ್ತೇಕೆ ಕಾಡಿಗೆ ಹೋಗಬೇಕು? ಉತ್ತರ ಗಣಿತದಲ್ಲಿದೆ. ಆಕಾಶ ಹತ್ತು ಪಟ್ಟು ಬೆಳಗಿದರೆ ಅದೇ ಗುಣದ ಚಿತ್ರಕ್ಕೆ ಹೆಚ್ಚುಕಡಿಮೆ ಹತ್ತು ಪಟ್ಟು ಹೊತ್ತು ಬೇಕು. ಮೂರು ಗಂಟೆ ಮೂವತ್ತಾಗುತ್ತದೆ, ಚಂದ್ರನಿಲ್ಲದ ನಾಲ್ಕಾರು ರಾತ್ರಿಗಳು ಅದಕ್ಕೇ ಖರ್ಚು. ಇಲ್ಲಿನ ತಿಳಿ ಆಕಾಶವೋ ನಾಲ್ಕೇ ತಿಂಗಳು. ಹೈಡ್ರೋಜನ್ನಿನ 656 ನ್ಯಾನೊಮೀಟರಿನ ಕೆಂಪನ್ನಷ್ಟೇ ಬಿಡುವ ಫಿಲ್ಟರು ಇದೆಯಲ್ಲ ಎಂದರೆ, ಇದೆ, ಮಹಾವ್ಯಾಧನಂಥ ಹೊಳೆಯುವ ಅನಿಲಕ್ಕೆ ಚೆನ್ನಾಗಿ ಒದಗುತ್ತದೆ. ಗೆಲಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳದ್ದು, ಎಲ್ಲ ಬಣ್ಣದ್ದು. ಅದನ್ನು ಸೋಸಿದರೆ ಗೆಲಕ್ಸಿಯೇ ಸೋಸಿಹೋಗುತ್ತದೆ. ಹಿಂದಿನ ಹಳದಿ ಸೋಡಿಯಂ ದೀಪದ ಬೆಳಕನ್ನಾದರೂ ಬಹುಪಾಲು ತಡೆಯಬಹುದಿತ್ತು. 2015ರಿಂದ ದೇಶದ ಬೀದಿಗಳಿಗೆಲ್ಲ ಎಲ್‌ಇಡಿ ಹಾಕುವ ಕಾರ್ಯಕ್ರಮ ಬಂದ ಮೇಲೆ ಬಿಳಿ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿದೆ.

ಉಳಿದದ್ದು ನ್ಯಾಯದ ಪ್ರಶ್ನೆ. ನಾಲ್ಕು ಜನ ಫೋಟೊ ತೆಗೆಯಲಿ ಎಂದು ಹೊಸೂರು ಕಡೆಯ ಡೆಂಕಣಿಕೋಟೆಯ ಹಳ್ಳಿಗಳು ಕತ್ತಲೆಯಲ್ಲಿರಬೇಕೆ? ಖಂಡಿತ ಬೇಡ, ಇರಲಿ ಎನ್ನುವವನಿಗೆ ಹಾವು ತುಳಿಯುವ ಭಯ ಗೊತ್ತಿರಲಾರದು. ಆದರೆ ನೀಹಾರಿಕೆಯನ್ನು ಅಳಿಸುವುದು ಓಣಿಯ ದೀಪವಲ್ಲ, ಮೇಲಕ್ಕೆ ಚೆಲ್ಲಿದ ಬೆಳಕು. ದೀಪದ ತಲೆಗೊಂದು ಮುಚ್ಚಳ ಹಾಕಿದರೆ ದಾರಿಗೂ ಹೆಚ್ಚು ಬೆಳಕು ಸಿಗುತ್ತದೆ. ರಾತ್ರಿಯನ್ನು ಅಳತೆ ಮಾಡಿ ಬಳಸುವುದು ಈ ಸೀಮೆಗೆ ಹೊಸದೂ ಅಲ್ಲ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ಹಬ್ಬದ ಬೆಲೆಗೆ ಹೂ ಸಿಗಲಿ ಎಂದು ಬೆಳೆಗಾರರು ಸಾಲುಗಳ ಮೇಲೆ ಬಲ್ಬು ತೂಗುಹಾಕಿ ಗಿಡಕ್ಕೆ ಹಗಲೆಂದು ನಂಬಿಸುತ್ತಾರೆ, ಬೇಕಾದಷ್ಟು ದಿನವಾದ ಮೇಲೆ ಆರಿಸುತ್ತಾರೆ. ಎಷ್ಟು ಬೆಳಕು, ಎಷ್ಟು ಹೊತ್ತು, ಎಲ್ಲಿ ಎಂಬ ಲೆಕ್ಕ ಅವರಿಗೆ ಬಾಯಿಪಾಠ. 1980ರ ದಶಕದಿಂದ ಬೆಳೆದ ಹೊಸೂರಿನ ಕಾರ್ಖಾನೆ ಬಡಾವಣೆಗಳಿಗೂ ಬೆಂಗಳೂರಿನ ಹೆದ್ದಾರಿಗೂ ಅಂಥ ಲೆಕ್ಕ ಹಾಕಿದವರಿಲ್ಲ. ದೊಡ್ಡ ವಿಜ್ಞಾನ ತನ್ನ ದಾರಿ ನೋಡಿಕೊಂಡಿತು: 2000ದಲ್ಲಿ ಲಡಾಖಿನ ಹಾನ್ಲೆಗೆ, 4,500 ಮೀಟರ್ ಎತ್ತರಕ್ಕೆ ಹೋಯಿತು, 2022ರಲ್ಲಿ ಅಲ್ಲಿನ ಕತ್ತಲೆಗೆ ಕಾನೂನಿನ ರಕ್ಷಣೆಯೂ ಸಿಕ್ಕಿತು. ಶನಿವಾರ ಸಂಜೆ ಕಾರಿನಲ್ಲಿ ಹೊರಡುವ ಹವ್ಯಾಸಿಗೆ ಹಾನ್ಲೆ ನಿಲುಕದು. ಅವನ ಪಾಲಿಗೆ ಇರುವುದು ಅಂಚೆಟ್ಟಿ, ತಳಿ, ಜವಾದಿಯ ಬೆಟ್ಟಸಾಲು.

ತಳಿಯ ಕಡೆಯಿಂದ ಬೆಂಗಳೂರು ನೇರ ಉತ್ತರಕ್ಕಿದೆ. ಒಮೆಗಾ ಗುಚ್ಛವೂ ಕ್ಯಾರಿನಾವೂ ಇರುವ ದಕ್ಷಿಣದಲ್ಲಿ ಕಾಡು, ಅದರಾಚೆ ಕಾವೇರಿ. ಆ ದಿಕ್ಕಿನ ಆಕಾಶ ಇನ್ನೂ ಕಪ್ಪು. ಆದರೆ ಕ್ಯಾಮೆರಾ ಹೊತ್ತ ದೂರದರ್ಶಕ ಭೂಮಿಯ ತಿರುಗುವಿಕೆಗೆ ಸರಿಯಾಗಿ ತಿರುಗಬೇಕಾದರೆ ಅದರ ಅಕ್ಷವನ್ನು ಮೊದಲು ಧ್ರುವ ನಕ್ಷತ್ರದತ್ತ ಹೂಡಬೇಕು. ಉತ್ತರ ದೇಶಗಳಿಗೆಂದು ಮಾಡಿದ ಸ್ಟ್ಯಾಂಡನ್ನು ಇಲ್ಲಿಯ ತಗ್ಗು ಅಕ್ಷಾಂಶಕ್ಕೆ ಬಾಗಿಸಿದರೆ ಅದರ ತೂಕದ ಸರಳು ಮುಕ್ಕಾಲಿಯ ಕಾಲಿಗೆ ತಗಲುತ್ತದೆ. ಒಂದು ಕಾಲನ್ನು ಪಕ್ಕಕ್ಕೆ ತಿರುಗಿಸಿ ಹೊಂದಿಸುವುದು ಇಲ್ಲಿನ ಉಪಾಯ. ಆಮೇಲೆ ಧ್ರುವನನ್ನು ಹುಡುಕಬೇಕು. ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪವೇ ಮೇಲೆ, ಬೆಂಗಳೂರಿನ ಬೆಳಕು ಹಬ್ಬಿದ ಬೂದು ಪಟ್ಟಿಯೊಳಗೆ ಅದು ಇರುತ್ತದೆ.