ಒಂದು ಕೈಯ ವಾದನ: ಹಾರ್ಮೋನಿಯಂ

ಕೀಲಿಮಣೆಯ ಮೇಲೆ ಒಂದೇ ಕೈ ಆಡಿಸಿ ನುಡಿಸುವುದು ಯುರೋಪಿನ ಪಿಯಾನೊದಲ್ಲಿ ಅಪರೂಪ, ಕರ್ನಾಟಕದ ಹಾರ್ಮೋನಿಯಂನಲ್ಲಿ ರೂಢಿ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪೌಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಮೋರಿಸ್ ರವೆಲ್ ರಚಿಸಿದ ಎಡಗೈ ಕಂಚೆರ್ಟೊ 1932ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಸಿತು. ಅಲ್ಲಿ ಒಂದು ಕೈ ಎರಡರ ಕೆಲಸ ಹೊರಬೇಕು: ಮಂದ್ರದ ಸ್ವರವನ್ನು ಪೆಡಲ್ ತುಳಿದು ಮೊಳಗಲು ಬಿಟ್ಟು, ಅದೇ ಕೈ ಮೇಲಕ್ಕೆ ಹಾರಿ ಹಾಡಿನ ಎಳೆ ಹಿಡಿಯುತ್ತದೆ.

ಹಾರ್ಮೋನಿಯಂನ ಕಥೆ ಬೇರೆ. ಪ್ಯಾರಿಸ್‌ನಲ್ಲಿ ಅಲೆಕ್ಸಾಂಡ್ರ್ ದಬೆಂ 1842ರಲ್ಲಿ ಪೇಟೆಂಟ್ ಪಡೆದ ವಾದ್ಯಕ್ಕೆ ಗಾಳಿ ತುಂಬುತ್ತಿದ್ದುದು ಕಾಲು. ಎರಡೂ ಕೈಗೆ ಬಿಡುವಿತ್ತು. ನೆಲದ ಮೇಲೆ ಕೂತು ಹಾಡುವ ನಮ್ಮ ಬೈಠಕ್ಕಿಗೆ ಅದು ಒಗ್ಗಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷ್ ಕೈತಿದಿಯ ಪೆಟ್ಟಿಗೆಯನ್ನು ಬಳಕೆಗೆ ತಂದರು. ಎಡಗೈ ತಿದಿಗೆ ಹೋಯಿತು, ಬಲಗೈ ಕೀಲಿಗಳ, ಅಂದರೆ ಮನೆಗಳ, ಮೇಲೆ ಉಳಿಯಿತು. ನಾಟಕ ಕಂಪನಿಗಳು ಮಾತ್ರ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಇಟ್ಟುಕೊಂಡವು.

ನುಡಿಸದ ಕೈಯೇ ಈ ವಾದನದ ಜೀವಾಳ. ಆಲಾಪದಲ್ಲಿ ತಿದಿ ಮೆಲ್ಲಗೆ, ಒಂದೇ ಒತ್ತಡದಲ್ಲಿ ಆಡಬೇಕು. ಗಾಳಿ ತುಸು ಹೆಚ್ಚಾದರೂ ಗಾಯಕರ ದನಿ ಮುಚ್ಚಿಹೋಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಈ ಪೆಟ್ಟಿಗೆಯಲ್ಲಿ ಹುಟ್ಟುವುದಿಲ್ಲ, ಮನೆಗಳ ಶ್ರುತಿಯೂ ಮೊದಲೇ ಗಟ್ಟಿಯಾಗಿರುತ್ತದೆ ಎಂಬ ಆಕ್ಷೇಪದಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಅದು ಸಡಿಲವಾದದ್ದು 1971ರಲ್ಲಿ. ಆಕ್ಷೇಪ ಸುಳ್ಳಲ್ಲ, ಶಿಕ್ಷೆ ಮಾತ್ರ ಅತಿಯಾಯಿತು. ಬೆಳಗಾವಿಯ ಹಾರ್ಮೋನಿಯಂ ವಾದಕ ರಾಮಭಾವು ವಿಜಾಪುರೆ (1917–2010) ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರಂಥ ಗಾಯಕರಿಗೆ ಸಾಥ್ ಕೊಟ್ಟರು. ಪಕ್ಕದ ಸ್ವರವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಸೋಕಿಸಿ ಮುಂದಿನದಕ್ಕೆ ಸೇರುವ ಬೆರಳುಗಾರಿಕೆಯಿಂದ ಮೀಂಡಿನ ಭಾಸವನ್ನಾದರೂ ತರಬಹುದು, ಅದಕ್ಕೆ ತಿದಿಯ ಕೈ ಜೊತೆಗೂಡಬೇಕು.

ತಿದಿಯ ಕೈಯೇ ಎಲ್ಲವೂ ಆಗುವ ಇನ್ನೊಂದು ನೆಲೆ ಯಕ್ಷಗಾನ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಸೀಮೆಯೆಲ್ಲ ಅದರ ಉತ್ತರದ ಶೈಲಿಯಾದ ಬಡಗುತಿಟ್ಟಿನದು. ಯಕ್ಷಗಾನದ ಹಿಮ್ಮೇಳದಲ್ಲಿ ಪೆಟ್ಟಿಗೆ ರಾಗ ನುಡಿಸುವುದಿಲ್ಲ, ಶ್ರುತಿಯನ್ನಷ್ಟೇ ಹಿಡಿಯುತ್ತದೆ. ಆಧಾರಸ್ವರದ ಮನೆಗಳನ್ನು ಒತ್ತಿಟ್ಟರೆ ಮುಗಿಯಿತು, ಬಲಗೈಗೂ ಕೆಲಸವಿಲ್ಲ. ಆಟ ಮುಗಿಯುವವರೆಗೆ ದುಡಿಯುವುದು ತಿದಿಯ ಕೈಯೊಂದೇ. ಹಾಡುವ ಭಾಗವತರ ಕಂಠಕ್ಕೆ ತಕ್ಕಂತೆ, ಕಪ್ಪು ಮನೆಗಳನ್ನು ಎಣಿಸಿ, ‘ಕಪ್ಪು ಎರಡು’, ‘ಕಪ್ಪು ಮೂರು’ ಎಂದು ಮನೆ ಗೊತ್ತುಮಾಡುತ್ತಾರೆ. ಈಗ ಹಲವು ಕಡೆ ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೂತಿದೆ. ಅದನ್ನು ಹೊಂದಿಸುವಾಗಲೂ ಲೆಕ್ಕ ಹಾರ್ಮೋನಿಯಂ ಮನೆಯದೇ.