ಚಿಕ್ಕಬಳ್ಳಾಪುರ ಸೀಮೆಯ ಕ್ರೈಸ್ತಸಭೆ: ಹೆಸರಿನ ವಿಶ್ವಾಸ ಮತ್ತು ವಿಧೇಯತೆಯ ಪ್ರಶ್ನೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಆದರೂ ಇಲ್ಲಿ ಕೆಲಸ ಮಾಡಿದ ಮಿಷನ್‌ಗಳ ಬರಹಗಳಲ್ಲಿ ಸಂಖ್ಯೆಗಿಂತ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಕ್ರೈಸ್ತನೆಂಬ ಹೆಸರಿನಲ್ಲೇ ತೃಪ್ತನಾಗಿ ಉಳಿದವನಾರು, ಆ ಹೆಸರಿಗೆ ತಕ್ಕಂತೆ ನಡೆದವನಾರು ಎಂಬುದೇ ಆ ಪ್ರಶ್ನೆ. ಇದನ್ನು ಎತ್ತಿದವರು ಹೊರಗಿನ ಟೀಕಾಕಾರರಷ್ಟೇ ಅಲ್ಲ, ಸ್ವತಃ ಪಾದ್ರಿಗಳು.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಜೆಸ್ವಿತರ ಕರ್ನಾಟಿಕ್ ಮಿಷನ್ ಚಿಕ್ಕಬಳ್ಳಾಪುರವನ್ನು ತಲುಪಿತು. ಆಗ ಊರು ಆವತಿ ವಂಶದ ಪಾಳೆಯಗಾರರ ಅಧೀನದಲ್ಲಿತ್ತು. ೧೭೬೨ರಲ್ಲಿ ಅದು ಹೈದರಾಲಿಯ ವಶವಾಯಿತು. ಸನ್ಯಾಸಿಗಳ ವೇಷ ಮತ್ತು ಆಹಾರನಿಯಮಗಳನ್ನು ಅಳವಡಿಸಿಕೊಂಡಿದ್ದ ಈ ಪಾದ್ರಿಗಳ ಪತ್ರಗಳಲ್ಲಿ, ವಿಶೇಷವಾಗಿ ಲೆ ಗಾಕ್ ಪಾದ್ರಿಯ ಬರಹದಲ್ಲಿ, ದಾಸರಿಗಳ ವಿರೋಧದ ವಿವರಗಳಿವೆ. ಯೂರೋಪಿನ ಓದುಗರ ಭಕ್ತಿಯನ್ನು ಉದ್ದೀಪಿಸುವುದು ಆ ಪತ್ರಗಳ ಉದ್ದೇಶವಾಗಿದ್ದುದರಿಂದ ಅವುಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಆದರೂ ಒಂದು ಅಂಶ ಗಮನಾರ್ಹ: ಕಷ್ಟ ಎದುರಾದಾಗ ಮಾತ್ರ ಸಾಮಾನ್ಯ ಭಕ್ತರು ಈ ದಾಖಲೆಗಳ ಒಳಗೆ ಬರುತ್ತಾರೆ. ನೆಮ್ಮದಿಯ ದಿನಗಳಲ್ಲಿ ಅವರು ಜ್ಞಾನಸ್ನಾನದ ಲೆಕ್ಕದ ಒಂದು ಅಂಕೆಯಷ್ಟೇ.

೧೭೭೩ರಲ್ಲಿ ಜೆಸ್ವಿತ್ ಸಭೆ ರದ್ದಾದ ಮೇಲೆ ಅದರ ಹೊಣೆಯನ್ನು ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆ ವಹಿಸಿಕೊಂಡಿತು. ಆ ಸಂಸ್ಥೆಯಿಂದ ೧೭೯೨ರಲ್ಲಿ ಬಂದ ಅಬ್ಬೆ ದ್ಯುಬುವಾ ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದು, ೧೮೨೩ರಲ್ಲಿ ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಸ್ಥಿತಿಯನ್ನು ಕುರಿತ ಅವರ ಪತ್ರಗಳು ಈ ಪ್ರಶ್ನೆಗೆ ಅತ್ಯಂತ ಕಟುವಾದ ಉತ್ತರ ಕೊಟ್ಟವು. ಇಪ್ಪತ್ತೈದು ವರ್ಷಗಳಲ್ಲಿ ತಾವು ಸಭೆಗೆ ಸೇರಿಸಿದವರು ಇನ್ನೂರು ಮುನ್ನೂರು ಮಂದಿ. ಅವರಲ್ಲಿ ನಿಃಸ್ವಾರ್ಥ ಮನಸ್ಸಿನಿಂದ ಬಂದವರೆಂದು ಹೇಳಬಹುದಾದ ಒಬ್ಬನೂ ತಮ್ಮ ನೆನಪಿನಲ್ಲಿಲ್ಲ ಎಂದು ಅವರು ಲಜ್ಜೆಯಿಂದ ಒಪ್ಪಿಕೊಂಡರು. ೧೭೮೪ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಮತಾಂತರಿಸಿದಾಗ ಅವರು ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಮುಂದಾಗಲಿಲ್ಲವೆಂಬುದೂ ಅವರ ದುಃಖವಾಗಿತ್ತು.

ಇಲ್ಲಿ ದ್ಯುಬುವಾ ಭಯವನ್ನೂ ಉದಾಸೀನತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆಂದೇ ಹೇಳಬೇಕಾಗುತ್ತದೆ. ೧೭೯೯ರ ನಂತರ ಸಾವಿರಾರು ಮಂದಿ ಸಭೆಗೆ ಮರಳಿದರು; ಅವರನ್ನು ಸೇರಿಸಿಕೊಳ್ಳುವ ಕೆಲಸದಲ್ಲಿ ಸ್ವತಃ ದ್ಯುಬುವಾ ತೊಡಗಿದ್ದರು. ಮರಳಿ ಬರುವುದರಿಂದ ಅವರಿಗೆ ಯಾವ ಲಾಭವಿತ್ತು? ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಕಟ್ಟಿದವರೂ ಇದೇ ದ್ಯುಬುವಾ. ಜನ ಅವರನ್ನು ‘ದೊಡ್ಡಸ್ವಾಮಿ’ಗಳೆಂದು ಕರೆದರು. ಲೇಖಕನ ನಿರಾಶೆಗೂ ಪಾದ್ರಿಯ ಕೆಲಸಕ್ಕೂ ಹೊಂದಾಣಿಕೆ ಕಾಣುವುದಿಲ್ಲ.

೧೮೨೪ರಲ್ಲಿ ಜೇಮ್ಸ್ ಹಫ್ ಮತ್ತು ಲಂಡನ್ ಮಿಷನ್ನಿನ ಹೆನ್ರಿ ಟೌನ್ಲಿ ದ್ಯುಬುವಾರಿಗೆ ಮುದ್ರಿತ ಉತ್ತರಗಳನ್ನು ಕೊಟ್ಟರು. ವಾದ ಅಲ್ಲಿಗೆ ನಿಲ್ಲದೆ ಮಿಷನ್ನಿನ ಕಾರ್ಯಪದ್ಧತಿಯಲ್ಲೂ ಮುಂದುವರಿಯಿತು. ೧೮೨೦ರಿಂದ ಬೆಂಗಳೂರಿನಲ್ಲಿ ನೆಲೆಸಿದ್ದ ಲಂಡನ್ ಮಿಷನ್ ೧೮೯೦ರ ದಶಕದಲ್ಲಿ ಚಿಕ್ಕಬಳ್ಳಾಪುರವನ್ನು ತನ್ನ ಕೇಂದ್ರವಾಗಿಸಿಕೊಂಡಿತು. ಅದರ ವಾರ್ಷಿಕ ಲೆಕ್ಕಗಳಲ್ಲಿ ಸಭೆಯ ಪೂರ್ಣ ಸದಸ್ಯರಿಗೆ ಒಂದು ಕಲಮು, ಕೇವಲ ಅನುಯಾಯಿಗಳಿಗೆ ಇನ್ನೊಂದು ಕಲಮು. ದೀಕ್ಷಾಸ್ನಾನವಾದ ಮಾತ್ರಕ್ಕೆ ಒಬ್ಬನ ವಿಶ್ವಾಸ ಪೂರ್ಣವಾಯಿತೆಂದು ಈ ಪಂಥ ಭಾವಿಸುತ್ತಿರಲಿಲ್ಲ. ಅವನ ನಡತೆಯನ್ನು ನೋಡಿ ಪ್ರಭುಭೋಜನಕ್ಕೆ ಸೇರಿಸಿಕೊಳ್ಳುತ್ತಿತ್ತು. ನಿಶ್ಚಿಂತ ಭಕ್ತಿಯ ವಿರುದ್ಧ ಇದು ಒಳ್ಳೆಯ ಬೇಲಿಯೇ. ಆದರೆ ನಡತೆಯನ್ನು ಅಳೆಯುವ ಅಧಿಕಾರ ಬಹುಮಟ್ಟಿಗೆ ವಿದೇಶೀ ಪಾದ್ರಿಯ ಕೈಯಲ್ಲಿ ಉಳಿದುದರಿಂದ, ದೇವರಿಗೆ ತೋರುವ ವಿಧೇಯತೆ ಎಲ್ಲಿ ಮುಗಿಯಿತು, ಮಿಷನ್ನಿಗೆ ತೋರುವ ವಿಧೇಯತೆ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸುವುದು ಕಷ್ಟ.

ಕಲಮುಗಳಿಗೆ ಸಿಗದ ವಿಧೇಯತೆಯನ್ನು ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ಹುಡುಕಬಹುದು. ೧೮೮೧ರಿಂದ ೧೯೧೪ರವರೆಗೆ ಲಂಡನ್ ಮಿಷನ್ನಿನ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ರಾಲ್ಫ್ ವಾರ್ಡ್ಲಾ ಥಾಂಪ್ಸನ್ನರ ಹೆಸರನ್ನು ಅದಕ್ಕೆ ಇಡಲಾಯಿತು. ಜಮ್ಮಲಮಡುಗಿನಲ್ಲಿ ಕೆಲಸ ಮಾಡಿದ್ದ ಡಾ. ಟಿ. ವಿ. ಕ್ಯಾಂಪ್‌ಬೆಲ್ಲರ ಹೆಸರು ಇದರ ಆರಂಭದೊಂದಿಗೆ ಸೇರಿಕೊಂಡಿದೆ. ವೈದ್ಯರ ಹೆಸರು ಉಳಿಯಿತು. ಗಾಯ ತೊಳೆದ, ರಾತ್ರಿ ಕಾವಲಿದ್ದ ಸ್ಥಳೀಯ ದಾದಿಯರದು, ಕಾಂಪೌಂಡರುಗಳದು ಅಷ್ಟಾಗಿ ಉಳಿಯಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಅವರೂ ಭಾನುವಾರಕ್ಕೆ ಮಾತ್ರ ಬರುವವರೂ ತಲಾ ಒಂದೇ.

೧೯೪೭ರ ಸೆಪ್ಟೆಂಬರ್ ೨೭ರಂದು ಲಂಡನ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದವು. ೧೯೭೦ರಲ್ಲಿ ಮೈಸೂರು ಧರ್ಮಪ್ರಾಂತ ಮೂರಾಗಿ ಒಡೆದಾಗ ಚಿಕ್ಕಬಳ್ಳಾಪುರ ಕರ್ನಾಟಕ ಕೇಂದ್ರ ಧರ್ಮಪ್ರಾಂತಕ್ಕೆ ಸೇರಿತು. ಸಭೆಗೆ ಯಾರನ್ನು ಸೇರಿಸಬೇಕು, ಯಾರನ್ನು ತಡೆಯಬೇಕು ಎಂಬ ತೀರ್ಮಾನ ಅಷ್ಟರಲ್ಲಿ ಇಲ್ಲಿನವರದೇ ಆಗಿತ್ತು.